ಬೇಲಿ ದಾಟುವ ದೂಳು

ಚಾಮರಾಜನಗರದ ಗಾಳಿ ಒಳ್ಳೆಯದು. ದೇಶದ ಶುದ್ಧ ಗಾಳಿಯ ನಗರಗಳ ಪಟ್ಟಿಗಳಲ್ಲಿ ನಮ್ಮ ಜಿಲ್ಲಾ ಕೇಂದ್ರದ ಹೆಸರು ಹಲವು ಸಲ ಬಂದಿದೆ. ಊರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಹಗಲೂ ರಾತ್ರಿ ಗಾಳಿಯನ್ನು ಒಳಗೆಳೆದುಕೊಂಡು ಅದರಲ್ಲಿ ಎಷ್ಟು ಕಣ ತೇಲುತ್ತಿದೆ ಎಂದು ಅದು ಲೆಕ್ಕ ಬರೆಯುತ್ತದೆ. ಆ ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಮಗ್ಗುಲಿಗೆ ಬಂಡೀಪುರ ಇರುವ ಸೀಮೆಯ ಗಾಳಿ ಚೆನ್ನಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ತೆರಕಣಾಂಬಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮಗಳು ರೇಷ್ಮೆ ಹುಳು ಮೇಯಿಸುತ್ತಾಳೆ. ಅವಳ ಹಿಪ್ಪುನೇರಳೆ ತೋಟದ ಬದುವಿಗೆ ತಾಗಿಕೊಂಡೇ ಮಣ್ಣಿನ ದಾರಿ, ಆ ದಾರಿಯ ತುದಿಗೆ ಕ್ರಷರ್. ಹೋದ ಬೇಸಿಗೆಯಲ್ಲಿ ನಾನು ಹೋದಾಗ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದಿದ್ದವು. ಹುಳು ಸಾಕಿದವರಿಗೆ ಗೊತ್ತು, ಇಡೀ ಬೆಳೆಯ ಸೊಪ್ಪಿನಲ್ಲಿ ಬಹುಪಾಲನ್ನು ಅವು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತವೆ. ಮಳೆ ಬಂದ ಹಾಗೆ ಸದ್ದಾಗುತ್ತಿರಬೇಕಾದ ಮನೆಯಲ್ಲಿ ಅವಳು ತಟ್ಟೆಯ ಪಕ್ಕ ಕುಳಿತು ಒಂದೊಂದೇ ಎಲೆಯನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದಳು. ತೊಳೆಯಬಾರದೇನಕ್ಕ ಎಂದೆ. "ತೊಳುದ್ರೆ ಸೊಪ್ಪು ನೆನೀತದೆ, ನೆಂದ ಸೊಪ್ಪು ತಿಂದ್ರೆ ಹುಳಕ್ಕೆ ರೋಗ ಬತ್ತದೆ. ತೊಳೀದೆ ಹಾಕುದ್ರೆ ಮಣ್ಣು ತಿಂತವೆ. ನೀನೇ ಹೇಳಪ್ಪ, ಏನ್ ಮಾಡದು?" ಎಂದಳು. ಬೊಗಸೆ ತುಂಬ ಎಲೆ ಒರೆಸುವಷ್ಟರಲ್ಲಿ ಬಟ್ಟೆ ಬೂದುಬಣ್ಣಕ್ಕೆ ತಿರುಗಿತ್ತು.

ಸಂತೇಮರಹಳ್ಳಿ, ಮಾಂಬಳ್ಳಿಗಳಲ್ಲಿ ಸರ್ಕಾರವೇ ರೇಷ್ಮೆ ಕಾರ್ಖಾನೆ ನಡೆಸಿದ ಜಿಲ್ಲೆ ಇದು. ಈ ಸೊಪ್ಪಿನ ಬೆಲೆ ನಮ್ಮ ಆಡಳಿತಕ್ಕೆ ತಿಳಿಯದ್ದಲ್ಲ. ಆದರೆ ಅಕ್ಕನ ಕೈಯ ಆ ಬಟ್ಟೆ ಯಾವ ಕಚೇರಿಯಲ್ಲೂ ಸಾಕ್ಷಿಯಾಗುವುದಿಲ್ಲ. ಜಿಲ್ಲಾ ಕೇಂದ್ರದ ಯಂತ್ರ ಬರೆದ ಅಂಕಿ ಎಲ್ಲ ಕಡೆಯೂ ಸಾಕ್ಷಿಯಾಗುತ್ತದೆ. ದೂಳಿನ ಬಗ್ಗೆ ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಯಾರ ಕಣ್ಣನ್ನು ನಂಬಬೇಕು ಎಂಬಲ್ಲಿ ಆ ಕಾನೂನು ಎಡವಿದೆ. ನನ್ನ ತಕರಾರು ಅಷ್ಟೇ, ಆದರೆ ಅದು ಸಣ್ಣದಲ್ಲ.

2018ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಟ್ಟಡ ಕಾಮಗಾರಿಯ ದೂಳಿಗೆಂದೇ ನಿಯಮ ತಂದಿತು. ಅಗೆದ ಮಣ್ಣನ್ನು, ಮರಳನ್ನು ಮುಚ್ಚದೆ ಬಿಡುವಂತಿಲ್ಲ. ಕಟ್ಟಡದ ಎತ್ತರದ ಮೂರನೇ ಒಂದು ಪಾಲಿನಷ್ಟು, ಹೆಚ್ಚೆಂದರೆ 10 ಮೀಟರ್, ಗಾಳಿತಡೆ ನಿಲ್ಲಿಸಬೇಕು. ನೀರು ಚಿಮುಕಿಸುವ ವ್ಯವಸ್ಥೆ ಇರಬೇಕು, ಕಾಮಗಾರಿಯ ಜಾಗಕ್ಕೆ ಹೋಗುವ ದಾರಿಗೆ ಡಾಂಬರು ಬಿದ್ದಿರಬೇಕು. ದೂಳು ತಡೆಯಲು ಏನೇನು ಮಾಡುತ್ತಿದ್ದೇವೆ ಎಂದು ಜನರಿಗೆ ಕಾಣುವ ಹಾಗೆ ಫಲಕ ಹಾಕಬೇಕು. ಇಷ್ಟೂ ಒಳ್ಳೆಯ ನಿಯಮಗಳೇ. ಆದರೆ ಇವು ಕಡ್ಡಾಯವಾಗುವುದು ಗಾಳಿಯ ಕಣ ಈಗಾಗಲೇ ಮಿತಿ ಮೀರಿದ ನಗರ, ಪಟ್ಟಣಗಳಿಗೆ ಮಾತ್ರ. ಉಳಿದ ನಗರ, ಪಟ್ಟಣಗಳಿಗೆ ಇದಕ್ಕಿಂತ ಚಿಕ್ಕದೊಂದು ಪಟ್ಟಿಯಿದೆ. ಕಲ್ಲು, ಇಟ್ಟಿಗೆಗಳನ್ನು ಬಯಲಲ್ಲಿ ಕೊಯ್ಯಬಾರದು, ಸಾಮಾನನ್ನು ರಸ್ತೆ ಬದಿ ಸುರಿಯಬಾರದು, ಹೊದಿಕೆಯಿಲ್ಲದ ಗಾಡಿಯಲ್ಲಿ ಸಾಗಿಸಬಾರದು ಎಂದು ಅದು ಹೇಳುತ್ತದೆ. ಹಳ್ಳಿಯ ಮಾತು ಎರಡರಲ್ಲೂ ಇಲ್ಲ.

ಇದರ ಫಲ ನೋಡಿ. ಗಾಳಿ ಕೆಟ್ಟಿದೆ ಎಂದು ಯಂತ್ರ ಹೇಳಿದ ಮೇಲೆಯೇ ಬಿಗಿ ನಿಯಮ ಬರುತ್ತದೆ. ಯಂತ್ರವಿರುವುದು ಜಿಲ್ಲಾ ಕೇಂದ್ರದಲ್ಲಿ. ಕಲ್ಲು ಒಡೆಯುವುದು ಗುಂಡ್ಲುಪೇಟೆ ತಾಲ್ಲೂಕಿನ ಹಿರೀಕಾಟಿ, ಬೇಗೂರು ಸೀಮೆಯಲ್ಲಿ. ಅಲ್ಲಿಯ ದೂಳು ಇಲ್ಲಿಯ ಯಂತ್ರದ ಮೂಗಿಗೆ ಎಂದೂ ತಾಗುವುದಿಲ್ಲ. ಹೀಗಾಗಿ ಚಾಮರಾಜನಗರದ ಒಳ್ಳೆಯ ಹೆಸರು ಗುಂಡ್ಲುಪೇಟೆಯ ಹಳ್ಳಿಗೆ ರಕ್ಷಣೆಯಾಗುವ ಬದಲು ಅಲ್ಲಿ ದೂಳೆಬ್ಬಿಸುವವರಿಗೆ ಕೊಟ್ಟ ರಹದಾರಿಯಾಗಿದೆ. ಸಾಲದ್ದಕ್ಕೆ ಗಾಳಿಯನ್ನು ಅಳೆಯುವುದು ಸರಾಸರಿಯಲ್ಲಿ. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳಿಗೆ 2009ರಲ್ಲಿ ದೇಶ ಹಾಕಿಕೊಂಡ ಮಿತಿ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ವರ್ಷದ ಸರಾಸರಿಯಲ್ಲಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 45 ಮತ್ತು 15. ನಮ್ಮದು ಸಡಿಲ ಎನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತೆಂದರೆ, ಟಿಪ್ಪರ್ ಹಾದುಹೋದ ಮೇಲೆ ಹತ್ತು ನಿಮಿಷ ಮನೆಯೊಳಗೆ ತುಂಬಿಕೊಳ್ಳುವ ದೂಳನ್ನು ರಾತ್ರಿಯ ತಣ್ಣನೆ ಗಾಳಿಯೊಂದಿಗೆ ಕೂಡಿಸಿ ಇಪ್ಪತ್ನಾಲ್ಕರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಮನುಷ್ಯ ಸರಾಸರಿಯನ್ನು ಉಸಿರಾಡುವುದಿಲ್ಲ, ಆ ಗಳಿಗೆಯ ಗಾಳಿಯನ್ನು ಉಸಿರಾಡುತ್ತಾನೆ.

ದೂಳು ಹುಟ್ಟುವ ಬಗೆಯನ್ನು ಹತ್ತಿರ ನಿಂತು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಕಲ್ಲು. ಚಾಮರಾಜನಗರ ಸೀಮೆಯ ಕರಿಕಲ್ಲು ಹೊರದೇಶಕ್ಕೆ ಹೋಗುವ ಮಾಲು. ಅದನ್ನು ಇಡಿ ಇಡಿ ದಿಮ್ಮಿಯಾಗಿ ಕೊಯ್ದು ತೆಗೆಯುತ್ತಾರೆ, ಚೂರಾದರೆ ನಷ್ಟ. ಗುಂಡ್ಲುಪೇಟೆ ಕಡೆಯ ಬಿಳಿಕಲ್ಲಿನ ಕಥೆ ಬೇರೆ. ಅದರ ಬೆಲೆ ಇರುವುದೇ ಒಡೆದು ಪುಡಿಯಾಗುವುದರಲ್ಲಿ. ಸಿಡಿಸಿದ ಬಂಡೆ ಕ್ರಷರಿನ ಬಾಯಿಗೆ ಬೀಳುತ್ತದೆ. ದವಡೆಯಂಥ ಮೊದಲ ಯಂತ್ರ ಅದನ್ನು ಕಡಿಯುತ್ತದೆ, ಎರಡನೆಯದು ಅರೆಯುತ್ತದೆ, ಜರಡಿ ಒದರಿ 40 ಎಂಎಂ, 20 ಎಂಎಂ, 12 ಎಂಎಂ ಎಂದು ಬೇರ್ಪಡಿಸುತ್ತದೆ, ಬೆಲ್ಟು ಎತ್ತರಕ್ಕೆ ಒಯ್ದು ಗುಡ್ಡೆ ಸುರಿಯುತ್ತದೆ. ಕಲ್ಲು ಎಲ್ಲೆಲ್ಲಿ ಎತ್ತರದಿಂದ ಕೆಳಕ್ಕೆ ಬೀಳುತ್ತದೋ ಅಲ್ಲೆಲ್ಲ ದೂಳು ಏಳುತ್ತದೆ. ಬೆಲ್ಟಿನ ತುದಿಗೂ ಗುಡ್ಡೆಯ ನೆತ್ತಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿಗೆ ಸಿಗುವ ಪಾಲು ಹೆಚ್ಚು. ಇದು ಕಣದಲ್ಲಿ ರಾಗಿ ತೂರಿದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೊರವನ್ನು ತಲೆಯ ಮೇಲಕ್ಕೆ ಎತ್ತಿ ಸುರಿಯುವುದೇ ಹೊಟ್ಟು ಹಾರಲಿ ಎಂದು. ಕ್ರಷರಿನ ಬೆಲ್ಟು ಹಗಲೆಲ್ಲ ಮಾಡುವುದು ಅದೇ ತೂರುವ ಕೆಲಸ.

ಹೊಳೆ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್ ಬಂತು. ಹೊಳೆ ಉಳಿಯಲಿ ಎಂಬ ಉದ್ದೇಶ ಸರಿಯಾದದ್ದೇ, ನಾನೂ ಅದರ ಪರ. ಆದರೆ ಮರಳಿನಷ್ಟು ಸಣ್ಣಗೆ ಕಲ್ಲನ್ನು ಅರೆದರೆ ಮರಳಿಗಿಂತ ಸಣ್ಣದೂ ಆಗಿಯೇ ಆಗುತ್ತದೆ. ಆ ನುಣ್ಣನೆಯ ಪುಡಿ ಮರಳಿನಲ್ಲಿ ಹೆಚ್ಚು ಉಳಿದರೆ ಕಾಂಕ್ರೀಟ್ ಕೆಡುತ್ತದೆ. ಅದಕ್ಕೇ ತೊಳೆದು ಬೇರೆ ಮಾಡುತ್ತಾರೆ. ತೊಳೆದ ಕೆಸರು ಹೊಂಡ ಸೇರುತ್ತದೆ. ಹೊಂಡ ತುಂಬಿದ ಮೇಲೆ ಅದನ್ನು ಬಗೆದು ಪಕ್ಕಕ್ಕೆ ಹಾಕಿದರೆ ಬೇಸಿಗೆಯ ಬಿಸಿಲಿಗೆ ಒಣಗಿ, ಆಷಾಢದ ಗಾಳಿಗೆ ಹಾರುತ್ತದೆ. ಗುಂಡ್ಲುಪೇಟೆಯ ಬಯಲಲ್ಲಿ ಆಷಾಢದ ಗಾಳಿ ಎಂದರೆ ಹುಡುಗಾಟವಲ್ಲ. ಅದೇ ಹೊತ್ತಿಗೆ ಚೆಂಡುಹೂವು, ಸೂರ್ಯಕಾಂತಿ ಅರಳಿರುತ್ತವೆ. ಕೇರಳದಿಂದ ಬಂದವರು ಹೊಲದ ಅಂಚಿಗೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ರಸ್ತೆಯಲ್ಲಿ ಅವರ ಮನೆ ಕಟ್ಟಲು ನಮ್ಮ ಜಲ್ಲಿ ಹೋಗುತ್ತದೆ.

ಇನ್ನು ರಸ್ತೆ. ಕ್ರಷರಿನ ದೂಳಿಗಿಂತ ಟಿಪ್ಪರಿನ ದೂಳು ಹೆಚ್ಚು ಜನರನ್ನು ಮುಟ್ಟುತ್ತದೆ ಎನ್ನುವುದು ನನ್ನ ಅನುಭವ. ಹೇರು ಹೆಚ್ಚಾದ ಗಾಡಿ ಗುಂಡಿಗೆ ಇಳಿದಾಗ ಒಂದು ಬೊಗಸೆ ಪುಡಿ ಚೆಲ್ಲುತ್ತದೆ. ಹಿಂದೆ ಬಂದ ಗಾಡಿಯ ಚಕ್ರ ಅದನ್ನು ಮತ್ತೆ ಅರೆಯುತ್ತದೆ. ರಸ್ತೆಯೇ ಬೀಸುವ ಕಲ್ಲಾಗುತ್ತದೆ. ಕ್ವಾರಿಯಲ್ಲಿ ಒರಟಾಗಿದ್ದ ಪುಡಿ ಊರ ಬಾಗಿಲಿಗೆ ಬರುವ ಹೊತ್ತಿಗೆ ಹಿಟ್ಟಾಗಿರುತ್ತದೆ. ಮಣ್ಣು ಮೆತ್ತಿದ ಚಕ್ರ ಡಾಂಬರು ರಸ್ತೆ ಹತ್ತಿದಲ್ಲಿಂದ ಅರ್ಧ ಫರ್ಲಾಂಗು ಕೆಂಪು ಪಟ್ಟೆ ಎಳೆಯುತ್ತದೆ. ಸಂಜೆ ಹೊತ್ತಿಗೆ ಆ ಪಟ್ಟೆ ಇರುವುದಿಲ್ಲ. ಬದಿಯ ಹೋಟೆಲಿನ ಮೇಜಿನ ಮೇಲೆ, ಅಂಗನವಾಡಿಯ ಚಾಪೆಯ ಮೇಲೆ ಕೂತಿರುತ್ತದೆ.

ಇದಕ್ಕೆ ಖಾಸಗಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಸರ್ಕಾರದ ಕಾಮಗಾರಿ ಏನೂ ಕಡಿಮೆಯಿಲ್ಲ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯನ್ನು (ಹಿಂದೆ 209, ಈಗ 948) ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟು ವರ್ಷ ಬದಿಯ ಅಂಗಡಿಯವರು ಬೆಳಗಾಗೆದ್ದು ಮೊದಲು ಮಾಡುತ್ತಿದ್ದ ಕೆಲಸ ಬಾಗಿಲ ಮುಂದೆ ನೀರು ಎರಚುವುದು. ಒಳಚರಂಡಿಗೆ, ಕುಡಿಯುವ ನೀರಿನ ಪೈಪಿಗೆ ಎಂದು ಅಗೆದ ಬೀದಿಯನ್ನು ಮಣ್ಣು ಮುಚ್ಚಿ ಬಿಟ್ಟುಹೋಗುವುದನ್ನು ನೋಡದ ಊರು ಯಾವುದಿದೆ? ಗುತ್ತಿಗೆದಾರ ರಸ್ತೆಯನ್ನು ಮೊದಲಿದ್ದಂತೆ ಮಾಡಿದ ಮೇಲೆಯೇ ಕೊನೆಯ ಬಿಲ್ ಎಂಬ ಷರತ್ತನ್ನು ಬಿಗಿಯಾಗಿ ಹಿಡಿದರೆ ಈ ದೂಳಿನಲ್ಲಿ ಅರ್ಧ ತನಗೆ ತಾನೇ ಇಳಿಯುತ್ತದೆ. ಅದಕ್ಕೆ ಹೊಸ ಕಾನೂನು ಬೇಡ, ಎಂಜಿನಿಯರು ಸಹಿ ಹಾಕುವ ಮುನ್ನ ಬೀದಿಗೆ ಒಮ್ಮೆ ಬಂದು ನೋಡಿದರೆ ಸಾಕು. ನಾವು ರೈತರೂ ಪೂರ್ತಿ ಹೊರತಲ್ಲ. ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆಗೆ ಹರಡಿ ಗಾಡಿಗಳ ಚಕ್ರಕ್ಕೆ ಒಕ್ಕಣೆ ಒಪ್ಪಿಸುವುದು ನಮ್ಮ ಸೀಮೆಯಲ್ಲಿ ಇದೆ. ಅದರಿಂದ ಬೈಕಿನವರು ಜಾರಿ ಬಿದ್ದಿದ್ದಾರೆ, ಹೊಟ್ಟಿನ ದೂಳಿಗೆ ಕಣ್ಣು ಕಾಣದೆ ಒದ್ದಾಡಿದ್ದಾರೆ. ಹಿಂದೆ ಊರೂರಿಗೆ ಕಣವಿತ್ತು. ಗಾಳಿ ಯಾವ ಕಡೆ ಬೀಸಿದರೆ ಹೊಟ್ಟು ಊರ ಮೇಲೆ ಬರುವುದಿಲ್ಲ ಎಂದು ನೋಡಿ ಹಿರಿಯರು ಜಾಗ ಆರಿಸಿದ್ದರು, ಸಗಣಿ ಹಾಕಿ ಸಾರಿಸಿ ದೂಳೇಳದಂತೆ ಮಾಡಿಕೊಳ್ಳುತ್ತಿದ್ದರು. ಆ ಕಣಗಳನ್ನು ನಾವೇ ಸೈಟು ಮಾಡಿದೆವು.

ಕಾಣುವ ದೂಳಿನ ಜೊತೆಗೆ ಕಾಣದ ದೂಳೂ ಇದೆ. ಬಟ್ಟೆಯ ಮೇಲೆ ಕೂರುವ ಒರಟು ಕಣ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಸೀನಿದರೆ, ಕೆಮ್ಮಿದರೆ ಹೊರಗೆ ಬರುತ್ತದೆ. ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತ ಸಣ್ಣದಾದ ಕಣ ಶ್ವಾಸಕೋಶದ ಕೊನೆಯ ಗೂಡಿನವರೆಗೆ ಇಳಿಯುತ್ತದೆ. ಬಿಳಿಕಲ್ಲಿನಲ್ಲಿ ಬೆಣಚು ಇದೆ, ಅಂದರೆ ಸಿಲಿಕಾ. ವರ್ಷಗಟ್ಟಲೆ ಅದು ಒಳಗೆ ಸೇರಿದರೆ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತಾ ಬರುತ್ತದೆ. ಸಿಲಿಕೋಸಿಸ್ ಎನ್ನುವ ಆ ಕಾಯಿಲೆಗೆ ಮದ್ದಿಲ್ಲ. ಅದು ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಎಷ್ಟೋ ಸಲ ಕ್ಷಯವೆಂದೇ ಔಷಧ ನಡೆಯುತ್ತದೆ, ಮೂಲ ಕಾಯಿಲೆಯ ಹೆಸರು ಯಾವ ಚೀಟಿಯಲ್ಲೂ ಬರುವುದಿಲ್ಲ.

2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ಬಳಿಯ ಮಡಹಳ್ಳಿಯಲ್ಲಿ ಕ್ವಾರಿಯ ಗುಡ್ಡ ಕುಸಿದು ಮೂವರು ಕಾರ್ಮಿಕರು ಸತ್ತಾಗ ಇಡೀ ನಾಡು ತಿರುಗಿ ನೋಡಿತು. ನೋಡಬೇಕಾದದ್ದೇ. ಆದರೆ ಕಲ್ಲು ಮೈಮೇಲೆ ಬಿದ್ದು ಸಾಯುವುದಕ್ಕೆ ಮಹಜರು ಇದೆ, ಪರಿಹಾರ ಇದೆ, ಸುದ್ದಿ ಇದೆ. ಅದೇ ಕಲ್ಲು ಪುಡಿಯಾಗಿ ಎದೆಯೊಳಗೆ ಇಳಿದು ಹತ್ತು ವರ್ಷದ ಮೇಲೆ, ಅದೂ ದೂರದ ರಾಜ್ಯದ ಯಾವುದೋ ಹಳ್ಳಿಗೆ ವಾಪಸು ಹೋದ ಮೇಲೆ ಕೊಂದರೆ ಅದು ಗುಂಡ್ಲುಪೇಟೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಕಲ್ಲುಗಣಿಗಳ ನಾಡಾದ ರಾಜಸ್ಥಾನ 2019ರಲ್ಲಿ ಇಂಥವರಿಗಾಗಿಯೇ ಒಂದು ನೀತಿ ಮಾಡಿತು. ಕಾಯಿಲೆ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಮತ್ತೆ 2 ಲಕ್ಷ. ಹಣ ಶ್ವಾಸಕೋಶವನ್ನು ಮರಳಿ ಕೊಡುವುದಿಲ್ಲ ನಿಜ. ಆದರೆ ಹಣ ಕೊಡಬೇಕಾಗಿ ಬಂದಾಗ ಸರ್ಕಾರ ಎಣಿಸಲು ತೊಡಗುತ್ತದೆ. ಎಣಿಸಿದ ಮೇಲೆ ಇಲ್ಲವೆನ್ನಲು ಆಗುವುದಿಲ್ಲ. ನಮ್ಮ ಜಿಲ್ಲೆಯ ಕ್ವಾರಿ, ಕ್ರಷರುಗಳಲ್ಲಿ ದುಡಿಯುವ ಪ್ರತಿಯೊಬ್ಬರ ಎದೆಯ ಎಕ್ಸ್‌ರೇ ಕೆಲಸಕ್ಕೆ ಸೇರುವಾಗ ಒಂದು, ಆಮೇಲೆ ವರ್ಷಕ್ಕೊಂದು ತೆಗೆದಿಡಬೇಕೆಂದು ನಾನು ಕೇಳುವುದು ಇದಕ್ಕೇ.

ಎಣಿಸಲು ಬಾರದ ಸರ್ಕಾರವೇನಲ್ಲ ನಮ್ಮದು. ಕ್ವಾರಿಯಿಂದ ಹೊರಟ ಟಿಪ್ಪರನ್ನು ತೂಗುತ್ತಾರೆ. ಇಷ್ಟು ಟನ್ನಿಗೆ ಇಷ್ಟು ರಾಜಧನ, ಅದಕ್ಕೊಂದು ಪರ್ಮಿಟ್, ಪರ್ಮಿಟ್ಟಿಗೊಂದು ಅವಧಿ. ದಾರಿಯಲ್ಲಿ ತಡೆದು ತೂಕ ನೋಡುವ ಅಧಿಕಾರಿಗಳಿದ್ದಾರೆ. ಅದೇ ಗಾಡಿಯ ಮೇಲೆ ಟಾರ್ಪಾಲು ಇದೆಯೇ, ಹಿಂಬಾಗಿಲ ಸಂದಿಯಿಂದ ಪುಡಿ ಸೋರುತ್ತಿದೆಯೇ ಎಂದು ನೋಡಲು ಹೆಚ್ಚಿಗೆ ಯಾವ ಯಂತ್ರವೂ ಬೇಡ, ತೂಕ ನೋಡಿದ ಕಣ್ಣೇ ಸಾಕು. ಸರ್ಕಾರಕ್ಕೆ ಸೇರಬೇಕಾದ ಕಲ್ಲನ್ನು ಅಳೆಯುತ್ತೇವೆ, ಜನರ ಎದೆ ಸೇರುವ ಕಲ್ಲನ್ನು ಅಳೆಯುವುದಿಲ್ಲ. ಪರ್ಮಿಟ್ಟಿನ ಷರತ್ತಿನಲ್ಲಿ ಹೊದಿಕೆಯನ್ನೂ ಸೇರಿಸಿ, ಹೊದಿಕೆಯಿಲ್ಲದ ಗಾಡಿಗೆ ತೂಕದ ಕಟ್ಟೆಯಲ್ಲೇ ಪರ್ಮಿಟ್ ನಿಲ್ಲಿಸಿದರೆ ಒಂದೇ ವಾರದಲ್ಲಿ ಜಿಲ್ಲೆಯ ಟಿಪ್ಪರುಗಳೆಲ್ಲ ಟಾರ್ಪಾಲು ಹೊದ್ದುಕೊಳ್ಳುತ್ತವೆ.

ಕ್ರಷರ್ ದೂಳಿನ ದೂರು ಕರ್ನಾಟಕದಲ್ಲಿ ಹೊಸದಲ್ಲ. 1990ರ ದಶಕದಲ್ಲೇ ಅದು ಹೈಕೋರ್ಟಿನ ಮೆಟ್ಟಿಲೇರಿತ್ತು. ಓಬಯ್ಯ ಪೂಜಾರಿ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ ಕ್ರಷರುಗಳನ್ನು ಜನವಸತಿಯಿಂದ ದೂರಕ್ಕೆ, ಸುರಕ್ಷಿತ ವಲಯಕ್ಕೆ ಸಾಗಿಸುವ ಮಾತು ಬಂತು. ಕ್ರಷರ್ ನಿಯಂತ್ರಣಕ್ಕೆಂದೇ ರಾಜ್ಯ ತಂದ 2011ರ ಕಾಯ್ದೆ ಸುರಕ್ಷಿತ ವಲಯವನ್ನೇ ಆಧಾರ ಮಾಡಿಕೊಂಡಿತು, ಲೈಸೆನ್ಸ್ ಕೊಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯನ್ನು ಮುಖ್ಯಸ್ಥರನ್ನಾಗಿ ಮಾಡಿತು. ಇದು ದೊಡ್ಡ ಹೆಜ್ಜೆ. ಆದರೆ ದೂರ ಎಂಬ ಅಳತೆಗೆ ಒಂದು ಕುಂದು ಇದೆ. ಅದನ್ನು ಲೈಸೆನ್ಸ್ ಕೊಡುವಾಗ ಒಮ್ಮೆ ಅಳೆಯುತ್ತಾರೆ. ವಲಯ ನಿಂತಲ್ಲೇ ನಿಂತಿರುತ್ತದೆ, ಗಾಳಿ ನಿಲ್ಲುವುದಿಲ್ಲ. ಟಿಪ್ಪರ್ ಅಂತೂ ವಲಯದ ಗೆರೆ ದಾಟಿ ಊರ ನಡುವೆಯೇ ಹಾದುಹೋಗಬೇಕು. ಕ್ರಷರ್ ಒಳಗಿನ ದೂಳಿಗೂ ಕೇಂದ್ರದ ನಿಯಮ ಒಂದು ಅಂಕಿ ಕೊಟ್ಟಿದೆ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು. ಗಾಳಿ ತಡೆಯುವ ಗೋಡೆ, ಒಳಗಿನ ದಾರಿಗೆ ಗಟ್ಟಿ ನೆಲ, ಸುತ್ತ ಮರಗಳ ಸಾಲು ಬೇಕೆಂದೂ ಹೇಳಿದೆ. ಅಳತೆ ನಡೆಯುವುದು ಎಲ್ಲೋ ಕೆಲವು ದಿನ. ಉಳಿದ ದಿನಗಳಿಗೆ ಸಾಕ್ಷಿ ಯಾರು?

ಅಕ್ಕ ಸಾಕ್ಷಿ. ಅವಳ ಪಕ್ಕದ ಹೊಲದವರು ಸಾಕ್ಷಿ. ಅವರ ಕಣ್ಣನ್ನು ಕಾನೂನು ಒಪ್ಪಿಕೊಳ್ಳಬೇಕು ಎನ್ನುವುದೇ ನನ್ನ ವಾದದ ತಿರುಳು. ದೂಳನ್ನು ಮಾಲಿನ್ಯ ಎಂದು ಕರೆದ ಕೂಡಲೆ ಅದು ತಜ್ಞರ ಕೈಗೆ, ಯಂತ್ರದ ಕೈಗೆ ಹೋಗುತ್ತದೆ. ಅದನ್ನು ಒತ್ತುವರಿ ಎಂದು ಕರೆದು ನೋಡಿ. ಪಕ್ಕದವನ ದನ ಬದು ದಾಟಿ ಬಂದು ಜೋಳ ಮೇದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಹಿಡಿದು ದೊಡ್ಡಿಗೆ ಕಟ್ಟಿಸುತ್ತಿದ್ದರು. 1871ರಷ್ಟು ಹಿಂದೆಯೇ ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ ಕಾಯ್ದೆ ಇತ್ತು. ದನ ಎಷ್ಟು ಸೇರು ಜೋಳ ತಿಂದಿತು, ಹೊಲದ ವಾರ್ಷಿಕ ಸರಾಸರಿ ಇಳುವರಿಗೆ ಹೋಲಿಸಿದರೆ ಅದು ಗಣನೀಯವೇ ಎಂದು ಯಾರೂ ಕೇಳುತ್ತಿರಲಿಲ್ಲ. ದನ ಬದು ದಾಟಿದೆ, ಕಂಡವರಿದ್ದಾರೆ, ಮುಗಿಯಿತು. ತನ್ನ ದನವನ್ನು ತನ್ನ ಹೊಲದಲ್ಲಿ ಕಟ್ಟಿಕೊಳ್ಳುವುದು ದನ ಸಾಕಿದವನ ಹೊಣೆ. ದೂಳೂ ಹಾಗೆಯೇ. ಎಬ್ಬಿಸಿದವನ ಬೇಲಿಯೊಳಗೆ ಅದು ಉಳಿಯಬೇಕು. ಬೇಲಿ ದಾಟಿದ್ದು ಕಂಡರೆ ಅದೇ ತಪ್ಪು.

ಇದು ಹಳ್ಳಿಗನ ಹಗುರ ಮಾತಲ್ಲ. ಅಮೆರಿಕದ ಲಾಸ್ ಏಂಜಲೀಸ್ ಸೀಮೆಯ ಗಾಳಿಯನ್ನು ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರ 1976ರಿಂದ ಇಂಥದೇ ನಿಯಮವನ್ನು ನಡೆಸುತ್ತಿದೆ. ಕಟ್ಟಡ ಕಟ್ಟುವವರಾಗಲಿ, ಮಣ್ಣು ರಾಶಿ ಹಾಕಿದವರಾಗಲಿ, ತಮ್ಮ ಜಾಗದ ಗಡಿಯಾಚೆ ಗಾಳಿಯಲ್ಲಿ ಕಣ್ಣಿಗೆ ಕಾಣುವಂತೆ ದೂಳು ಬಿಡಬಾರದು. ಚಕ್ರಕ್ಕೆ ಮೆತ್ತಿದ ಮಣ್ಣನ್ನು ಗೇಟಿನಿಂದಾಚೆ 25 ಅಡಿಗಿಂತ ಹೆಚ್ಚು ರಸ್ತೆಗೆ ಎಳೆಯಬಾರದು. ಎಳೆದಷ್ಟನ್ನೂ ದಿನದ ಕೆಲಸ ಮುಗಿಯುವ ಹೊತ್ತಿಗೆ ತೆಗೆಯಬೇಕು. ಗಾಳಿ ಬರುವ ಕಡೆ ಒಂದು, ಹೋಗುವ ಕಡೆ ಒಂದು ಯಂತ್ರವಿಟ್ಟು ವ್ಯತ್ಯಾಸ ನೋಡುವ ಅಳತೆಯೂ ಅದರಲ್ಲಿದೆ. ಆದರೆ ಮೊದಲ ಸಾಕ್ಷಿ ಕಣ್ಣೇ.

ಕಣ್ಣಿಗೆ ಕಾಣದ ಕಣವೇ ಹೆಚ್ಚು ಅಪಾಯ ಎಂದು ಈಗಷ್ಟೇ ಹೇಳಿದವನು ಕಣ್ಣನ್ನು ನಂಬಿ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಣುವ ದೂಳು ಬಂದ ಕಡೆಗೆ ಕಾಣದ ದೂಳು ಬಂದೇ ಇರುತ್ತದೆ, ಏಕೆಂದರೆ ಹಗುರವಾದದ್ದು ಇನ್ನೂ ದೂರ ಹೋಗುತ್ತದೆ. ಆದ್ದರಿಂದ ಕಂಡರೆ ತಪ್ಪು ನಡೆದಿದೆ ಎನ್ನಲು ಕಣ್ಣು ಸಾಕು. ಕಾಣದಿದ್ದರೆ ತಪ್ಪಿಲ್ಲ ಎನ್ನಲು ಮಾತ್ರ ಕಣ್ಣು ಸಾಲದು, ಅಲ್ಲಿ ಯಂತ್ರ ಬೇಕು. ಇಂದು ನಡೆಯುತ್ತಿರುವುದು ಇದರ ತಿರುಗುಮುರುಗು. ದೂರುವ ಹಳ್ಳಿಯವರು ಯಂತ್ರದ ಅಂಕಿ ತರಬೇಕು, ಕ್ರಷರಿನವರಿಗೆ ಈಗ ಕಾಣುತ್ತಿಲ್ಲವಲ್ಲ ಎಂಬ ಮಾತೇ ಸಾಕು. ಯಂತ್ರ ಕೊಳ್ಳುವ ಶಕ್ತಿ ಇರುವವರು ಯಂತ್ರದ ಸಾಕ್ಷಿ ಒದಗಿಸಲಿ.

ಹಳ್ಳಿಯಲ್ಲಿ ದ್ವೇಷಕ್ಕೆ ಸುಳ್ಳು ದೂರು ಬರುವುದಿಲ್ಲವೇ ಎಂದೂ ಕೇಳುತ್ತಾರೆ. ಬರುತ್ತದೆ. ಬದು ಒತ್ತುವರಿಗೂ ಸುಳ್ಳು ದೂರು ಬರುತ್ತದೆ. ಅದಕ್ಕೆ ಸ್ಥಳ ಮಹಜರು ಇದೆ, ಪಂಚರ ಸಹಿ ಇದೆ, ಈಗ ಎಲ್ಲರ ಕೈಯಲ್ಲೂ ಸಮಯ ನಮೂದಾಗುವ ಫೋಟೊ ಇದೆ. ನಮ್ಮ ಕಾನೂನಿನಲ್ಲಿ ಇದಕ್ಕೆ ಬಾಗಿಲು ಈಗಾಗಲೇ ತೆರೆದಿದೆ. ಸಾರ್ವಜನಿಕ ಉಪದ್ರವವನ್ನು ತೆಗೆಸುವ ಆದೇಶವನ್ನು ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಚರಂಡಿಯ ದುರ್ನಾತದಿಂದ ಬೇಸತ್ತ ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಜನ ಇದೇ ಕಲಮು ಹಿಡಿದು ಹೋಗಿ 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಪುರಸಭೆಗೆ ಹಣವಿಲ್ಲ ಎಂಬ ನೆಪವನ್ನು ಒಪ್ಪಲಿಲ್ಲ. ಗಾಳಿ ಕೆಡಿಸುವ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆ ಇಟ್ಟಿರುವ ದಂಡ 1,000 ರೂಪಾಯಿವರೆಗೆ ಮಾತ್ರ, ಒಂದು ಲೋಡು ಎಂ-ಸ್ಯಾಂಡಿನ ಮುಂದೆ ಏನೇನೂ ಅಲ್ಲ. 2023ರ ತಿದ್ದುಪಡಿಯ ನಂತರ 1981ರ ವಾಯು ಕಾಯ್ದೆಯಲ್ಲಿ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದು ಮುಟ್ಟುವ ದಂಡ. ತಹಶೀಲ್ದಾರರ ಮಹಜರು ಈ ದಂಡದ ಕಡತಕ್ಕೆ ನೇರವಾಗಿ ಸೇರುವಂತಾಗಬೇಕು.

ಕ್ರಷರುಗಳನ್ನು ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಈ ಲೇಖನ ಬರೆಯುತ್ತಿರುವ ಮನೆಯ ತಾರಸಿಯಲ್ಲೂ ಅದೇ ಜಲ್ಲಿ ಇದೆ. ಬೆಲ್ಟಿಗೆ ತಗಡಿನ ಗೂಡು ಕಟ್ಟಿ, ಬೀಳುವ ಎತ್ತರ ತಗ್ಗಿಸಿ, ಗುಡ್ಡೆಗೆ ಮೂರು ಕಡೆ ಗೋಡೆ ಎಬ್ಬಿಸಿ, ಗೇಟಿನಿಂದ ರಸ್ತೆಯವರೆಗೆ ಕಾಂಕ್ರೀಟ್ ಹಾಕುವುದು ಕ್ರಷರ್ ಹಾಕುವ ಬಂಡವಾಳ ಇರುವವರಿಗೆ ಎತ್ತಲಾಗದ ಹೊರೆಯಲ್ಲ. ತೊಂದರೆ ಇರುವುದು ಬೇರೆ ಕಡೆ. ಇಷ್ಟನ್ನೂ ಮಾಡಿದವನ ಜಲ್ಲಿ ಟನ್ನಿಗೆ ಒಂದಿಷ್ಟು ದುಬಾರಿಯಾಗುತ್ತದೆ, ಮಾಡದವನು ಅಗ್ಗಕ್ಕೆ ಮಾರಿ ಗಿರಾಕಿ ಸೆಳೆಯುತ್ತಾನೆ. ನಿಯಮ ಎಲ್ಲರ ಮೇಲೂ ಒಂದೇ ಸಮ ಬೀಳದಿದ್ದರೆ ಮೊದಲು ಸೋಲುವವನು ಒಳ್ಳೆಯ ಮಾಲೀಕ. ನೀರಿನ ಮಾತನ್ನು ಮಾತ್ರ ನಾನು ಕೊನೆಗಿಡುತ್ತೇನೆ. ದೂಳು ಎಂದ ಕೂಡಲೆ ಟ್ಯಾಂಕರ್ ತಂದು ನೀರು ಹೊಡೆಯುವುದು ನಮಗೆ ತಿಳಿದ ಒಂದೇ ಉಪಾಯ. ಕಬಿನಿಯಿಂದ ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸಿಕೊಳ್ಳುವ ಸೀಮೆ ಇದು. ಏಪ್ರಿಲ್ ಬಿಸಿಲಿಗೆ ಗಂಟೆಯೊಳಗೆ ಆರಿಹೋಗುವ ನೀರನ್ನು ರಸ್ತೆಗೆ ಸುರಿಯುವುದು ಕುಡಿಯುವ ನೀರಿಗೆ ಕೊಡ ಹಿಡಿದು ನಿಂತವರ ಎದುರು ಮಾಡಬಹುದಾದ ಕೆಲಸವಲ್ಲ. ಮೊದಲು ಮುಚ್ಚಳ, ಆಮೇಲೆ ಗಟ್ಟಿ ನೆಲ, ಆಮೇಲೆ ನಿಧಾನದ ಓಟ, ಉಳಿದದ್ದಕ್ಕೆ ನೀರು. ಚಕ್ರ ತೊಳೆಯುವ ಹೊಂಡದ ನೀರನ್ನು ತಿಳಿಗೊಳಿಸಿ ಮತ್ತೆ ಮತ್ತೆ ಬಳಸಬಹುದು.

ನಿಯಮ ಹಾಕಿದರೆ ನಡೆಸುವವರು ಯಾರು ಎಂಬ ನಿರಾಶೆಯ ಮಾತಿಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ಬಂಡೀಪುರದ ಒಳಗೆ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ತೆಗೆಯಿರೆಂದು ಎಷ್ಟು ಒತ್ತಡ ಬಂದರೂ ಅದು ನಿಂತಿದೆ. ಏಕೆಂದರೆ ಆ ನಿಯಮ ಸರಳ. ಒಂದು ಗೇಟು, ಒಂದು ಗಡಿಯಾರ, ನೋಡುವ ಒಂದು ಜೊತೆ ಕಣ್ಣು. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯದ ಗೆರೆ ಎಳೆದಾಗ ಅದರೊಳಗೆ ಗಣಿಗಾರಿಕೆ ಸಲ್ಲದು ಎಂದಾಯಿತು. ಕಾಡಿನ ಜೀವಕ್ಕೆ ಇಷ್ಟು ಮಾಡಿದ್ದು ನಮ್ಮ ಹೆಮ್ಮೆ. ಗೆರೆಯ ಈಚೆಗೆ ಮನೆ ಮಾಡಿಕೊಂಡವರಿಗೂ ಒಂದು ಗೇಟು, ಒಂದು ಗಡಿಯಾರ ಬೇಕು. ಶಾಲೆ ಬಿಡುವ ಹೊತ್ತಿನಲ್ಲಿ ಊರೊಳಗೆ ಟಿಪ್ಪರ್ ಬೇಡ, ಜೋರು ಗಾಳಿ ಬೀಸುವಾಗ ಪುಡಿ ತುಂಬುವುದು ಬೇಡ ಎಂದು ಗ್ರಾಮ ಪಂಚಾಯಿತಿ ಹೇಳಿದರೆ ನಡೆಯಬೇಕು. ಹಣ ಎಲ್ಲಿಂದ ಎಂದರೆ, 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದೇ ಗಣಿಯಿಂದ ಬಾಧೆಪಟ್ಟವರಿಗೆ. ಸಮುದಾಯ ಭವನಕ್ಕಿಂತ ಮೊದಲು ಕ್ರಷರ್ ದಾರಿಗೆ ಡಾಂಬರು, ಕಾರ್ಮಿಕರ ಎಕ್ಸ್‌ರೇ, ಬೇಗೂರು ಸೀಮೆಯಲ್ಲಿ ಒಂದು ಗಾಳಿ ಅಳೆಯುವ ಯಂತ್ರ, ಇಷ್ಟು ಅದರಿಂದ ಆಗಲಿ.

ಕಳೆದ ತಿಂಗಳು ಅಕ್ಕನಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಬಂದೆ. ದಿನ, ಗಂಟೆ, ಗಾಳಿ ಯಾವ ಕಡೆಯಿಂದ, ದೂಳು ಎಲ್ಲಿಯವರೆಗೆ ಬಂತು, ಜೊತೆಗೆ ಕಂಡವರು ಯಾರು ಎಂದು ಐದು ಗೆರೆ ಹಾಕಿಕೊಟ್ಟೆ. ಅವಳ ಮಗಳು ಒಂಬತ್ತನೇ ಕ್ಲಾಸು, ಅವಳೇ ಬರೆಯುತ್ತಾಳೆ. ಮೊನ್ನೆ ಫೋನಿನಲ್ಲಿ ಓದಿ ಹೇಳಿದಳು. ಮೊದಲ ಹನ್ನೆರಡು ದಿನದಲ್ಲಿ ಒಂಬತ್ತು ದಿನ ತೋಟದ ಕೊನೆಯ ಸಾಲಿನವರೆಗೆ ದೂಳು. ಎರಡು ದಿನ ಬದುವಿನವರೆಗೆ. ಒಂದು ದಿನ ಮಳೆ ಬಂದಿತ್ತಂತೆ, ಆ ದಿನದ ಗೆರೆಯಲ್ಲಿ "ಸೊಪ್ಪು ಹಸಿರಾಗಿದೆ" ಎಂದು ಬರೆದಿದ್ದಾಳೆ.